ವಿಧವೆಯ ಸಾರು

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಕೋಟೆಕೊತ್ತಲಗಳನ್ನೂ ಇಗರ್ಜಿಗಳನ್ನೂ ಬಣ್ಣಿಸುವುದು ವಾಡಿಕೆ. ಅವನ್ನೆಲ್ಲ ನಾನೂ ಕಂಡೆನಾದರೂ ಇಲ್ಲಿ ಬರೆಯಹೊರಟಿರುವುದು ಒಂದು ಬಟ್ಟಲು ಸಾರಿನ ಸಂಗತಿಯನ್ನು. ಇದನ್ನೋದುವ ಸೋದರಿಯರಲ್ಲಿ ನನ್ನಂತೆ ಒಂಟಿಯಾಗಿ ಒಲೆಯ ಮುಂದೆ ಕುಳಿತವರು ಕೆಲವರಾದರೂ ಇದ್ದಾರೆಂಬ ಎಣಿಕೆಯಿಂದಲೇ ಲೇಖನಿ ಹಿಡಿದಿದ್ದೇನೆ.

ಯಜಮಾನರು ತೀರಿಕೊಂಡ ಮೇಲೆ ಕುಂಬಳೆಯ ಸಮೀಪದ ನಮ್ಮ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳಿಗೆ ಮಾತಾಡಲು ಜನವಿಲ್ಲದಂತಾಯಿತು. ಒಬ್ಬಳಿಗಾಗಿ ಸಾರು, ಪಲ್ಯ ಏಕೆಂದು ಬೆಳಗ್ಗೆ ಗಂಜಿ, ರಾತ್ರಿಯೂ ಅದೇ ಗಂಜಿ, ಜೊತೆಗೆ ಒಂದು ಮಿಡಿ ಉಪ್ಪಿನಕಾಯಿ. ಮಗಳು ಮಾಲ್ಟಾ ದೇಶದ ಆಸ್ಪತ್ರೆಯೊಂದರಲ್ಲಿ ದಾದಿ. "ಅಮ್ಮಾ, ಮೂರು ತಿಂಗಳಾದರೂ ಬಂದು ನಮ್ಮೊಡನೆ ಇರು" ಎಂದು ಹಟ ಹಿಡಿದು, 2023ರ ಫೆಬ್ರವರಿಯಲ್ಲಿ ನನ್ನನ್ನು ಕರೆಸಿಕೊಂಡಳು.

ಮಾಲ್ಟಾ ಮೆಡಿಟರೇನಿಯನ್ ಕಡಲ ನಡುವಿನ ಪುಟ್ಟ ದ್ವೀಪಸಮೂಹ. ವಿಸ್ತೀರ್ಣ 316 ಚದರ ಕಿಲೋಮೀಟರು. ನಮ್ಮ ಕಾಸರಗೋಡು ಜಿಲ್ಲೆಯ ಆರರಲ್ಲೊಂದು ಪಾಲೂ ಆಗದು. ಜನಸಂಖ್ಯೆ ಐದು ಲಕ್ಷಕ್ಕೂ ಹೆಚ್ಚು. ಅರಬರು, ನಾರ್ಮನರು, ಸಂತ ಜಾನನ ಹೆಸರಿನ ಧರ್ಮಯೋಧರು, ಫ್ರೆಂಚರು, ಕೊನೆಗೆ ಬ್ರಿಟಿಷರು, ಹೀಗೆ ಒಬ್ಬರಾದ ಮೇಲೊಬ್ಬರು ಆಳಿದ ಈ ನೆಲ 1964ರಲ್ಲಿ ಸ್ವತಂತ್ರವಾಯಿತು. ಅಲ್ಲಿ ನದಿಯೂ ಇಲ್ಲ, ಕೆರೆಯೂ ಇಲ್ಲ. ಕುಡಿಯುವ ನೀರಿನಲ್ಲಿ ಬಹುಪಾಲು ಕಡಲ ನೀರಿನಿಂದ ಉಪ್ಪನ್ನು ತೆಗೆದು ಸಿದ್ಧಪಡಿಸಿದ್ದು.

ಅನ್ನವೇ ನಮಗೆ ಊಟವಾದಂತೆ ಅವರಿಗೆ ರೊಟ್ಟಿಯೇ ಊಟ. ಅದಕ್ಕೆ ‘ಹೊಬ್ಸ್’ ಎಂದು ಹೆಸರು. ಹುಳಿಹಿಟ್ಟಿನಿಂದ ಉಬ್ಬಿಸಿ ಸುಟ್ಟ ಈ ರೊಟ್ಟಿಯ ಹೊರಮೈ ಗಟ್ಟಿ, ಒಳಗು ಮೆತ್ತಗೆ. ಕೊರ್ಮಿ ಎಂಬ ಊರು ಧರ್ಮಯೋಧರ ಕಾಲದಿಂದಲೂ ರೊಟ್ಟಿ ಸುಡುವವರ ಊರೆಂದೇ ಪ್ರಸಿದ್ಧ. ಚಪ್ಪಟೆಯಾದ ‘ಫ್ತೀರಾ’ ಎಂಬ ರೊಟ್ಟಿಯ ಕಲೆಯನ್ನು ಯುನೆಸ್ಕೋ ಸಂಸ್ಥೆ 2020ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ರೊಟ್ಟಿಗೆ ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ ಸುರಿದು ತಿನ್ನುವುದು ಅಲ್ಲಿಯ ಬಡವ ಬಲ್ಲಿದರೆಲ್ಲರ ಫಲಾಹಾರ. ರೊಟ್ಟಿಯ ಬೆಲೆಯೇರಿಕೆಯೂ ಒಂದು ಕಾರಣವಾಗಿ 1919ರ ಜೂನ್ 7ರಂದು ಜನ ಬೀದಿಗಿಳಿದಾಗ ಬ್ರಿಟಿಷ್ ಸೈನಿಕರ ದಾಳಿಗೆ ನಾಲ್ವರು ಬಲಿಯಾದರು. ಆ ದಿನ ಇಂದು ರಾಷ್ಟ್ರೀಯ ದಿನವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳು ದ್ವೀಪವನ್ನು ಸುತ್ತುಗಟ್ಟಿದಾಗ ಜನ ಉಪವಾಸದ ಅಂಚಿಗೆ ಬಂದಿದ್ದರು. ಆಹಾರವನ್ನೂ ಇಂಧನವನ್ನೂ ಹೊತ್ತು ಹೊರಟ ಹದಿನಾಲ್ಕು ಹಡಗುಗಳಲ್ಲಿ ಐದು ಮಾತ್ರ ದಡ ಸೇರಿದವು. ಅವುಗಳಲ್ಲಿ ಕೊನೆಯದು ತಲುಪಿದ್ದು 1942ರ ಆಗಸ್ಟ್ 15ರಂದು, ಮಾತೆ ಮರಿಯಳ ಹಬ್ಬದ ದಿನ. ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಹಿರಿಯರು ಎತ್ತಿ ಮುತ್ತಿಡುವುದನ್ನು ಕಂಡಾಗ, ಅನ್ನದ ಅಗುಳನ್ನು ತುಳಿಯಬಾರದೆಂದು ನಮಗೆ ಹೇಳಿಕೊಟ್ಟವರ ನೆನಪಾಯಿತು.

ಮರಗಳು ವಿರಳವಾದ್ದರಿಂದ ಅಲ್ಲಿ ಸೌದೆ ಎಂದೂ ದುರ್ಲಭವೇ. ಹಿಂದಿನ ಕಾಲದಲ್ಲಿ ಆದಿತ್ಯವಾರ ಹೆಂಗಸರು ತಂತಮ್ಮ ಪಾತ್ರೆಗಳನ್ನು ಊರ ರೊಟ್ಟಿಯವನ ಒಲೆಗೆ ಒಯ್ದುಕೊಡುತ್ತಿದ್ದರು. ಹತ್ತು ಮನೆಗಳ ಊಟ ಒಂದೇ ಕಾವಿನಲ್ಲಿ ಬೇಯುತ್ತಿತ್ತು.

ಅವರ ಭಾಷೆಯ ಕಥೆಯನ್ನೂ ಅಡಿಗೆಮನೆಯಲ್ಲೇ ಕಲಿತೆ. ಮಾಲ್ಟೀಸ್ ಭಾಷೆ ಅರಬಿಯ ಬಳಗದ್ದು; ಬರೆಯುವುದು ರೋಮನ್ ಲಿಪಿಯಲ್ಲಿ. ನೀರು ‘ಇಲ್ಮಾ’, ಉಪ್ಪು ‘ಮೆಲ್ಹ್’, ಹಾಲು ‘ಹಲೀಬ್’. ದಿನವೂ ಬೇಕಾದವಕ್ಕೆಲ್ಲ ಹಳೆಯ ಅರಬಿ ಮೂಲದ ಮಾತು. ಸಿಸಿಲಿಯ ನೆರೆಯಿಂದ ಬಂದ ಭಕ್ಷ್ಯಗಳಿಗೆ ಇಟಲಿಯ ಹೆಸರು. ಬಹುಕಾಲ ಇಟಾಲಿಯನ್ ನ್ಯಾಯಾಲಯದ ಭಾಷೆಯಾಗಿತ್ತು, ಮನೆಮಾತಿಗೆ ಮನ್ನಣೆಯಿರಲಿಲ್ಲ. 1934ರಲ್ಲಿ ಅದು ಅಧಿಕೃತ ಭಾಷೆಯಾಯಿತು. 2004ರಲ್ಲಿ ಯುರೋಪಿನ ಒಕ್ಕೂಟದ ಭಾಷೆಗಳಲ್ಲೊಂದಾಯಿತು. 1956ರ ನವೆಂಬರ ತಿಂಗಳನ್ನು ಮರೆಯದ ನಮಗೆ ಈ ಇತಿಹಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಹೋದಾಗ ಈಸ್ಟರಿಗೆ ಮುಂಚಿನ ವ್ರತದ ದಿನಗಳು ಬರುತ್ತಿದ್ದವು. ಆ ನಲವತ್ತು ದಿನಗಳಿಗೆಂದೇ ‘ಕ್ವಾರೆಜಿಮಾಲ್’ ಎಂಬ ತಿಂಡಿಯುಂಟು. ಬಾದಾಮಿಯ ಹಿಟ್ಟಿಗೆ ಸಕ್ಕರೆ, ಕಿತ್ತಳೆ ಹೂವಿನ ಪರಿಮಳದ ನೀರು ಬೆರೆಸಿ ಸುಟ್ಟು, ಮೇಲೆ ಜೇನು ಸವರುತ್ತಾರೆ. ವ್ರತದ ಕಾರಣ ಮೊಟ್ಟೆಯೂ ಬೆಣ್ಣೆಯೂ ಇಲ್ಲ. ನನಗದು ನಿಶ್ಚಿಂತೆಯ ಸಿಹಿಯಾಯಿತು. ಬೀದಿಯ ಅಂಗಡಿಗಳಲ್ಲಿ ಬಟಾಣಿ ತುಂಬಿದ ‘ಪಾಸ್ತಿತ್ಸಿ’ಯೊಂದಿಗೆ ಗಾಜಿನ ಲೋಟದಲ್ಲಿ ಹಾಲು ಬೆರೆಸಿದ ಚಹಾ ಕೊಡುವುದನ್ನು ಕಂಡು ಊರಿನ ಹೋಟೆಲೇ ಕಣ್ಣಿಗೆ ಕಟ್ಟಿತು. ಮೊಮ್ಮಗ ‘ಕಿನ್ನಿ’ ಎಂಬ ಪಾನೀಯವನ್ನು ತಂದುಕೊಟ್ಟ. 1952ರಿಂದ ಅಲ್ಲಿ ತಯಾರಾಗುವ ಇದು ಕಹಿ ಕಿತ್ತಳೆ ಮತ್ತು ಸೊಪ್ಪುಬೇರುಗಳದ್ದು. ಮೊದಲ ಗುಟುಕಿಗೆ ಕಷಾಯವೆನಿಸಿತು, ಮೂರನೆಯದಕ್ಕೆ ಹಿಡಿಸಿತು.

ಪಕ್ಕದ ಮನೆಯಲ್ಲಿ ನನ್ನ ಪ್ರಾಯದ ಒಬ್ಬ ಹೆಂಗಸಿದ್ದರು. ಅವರೂ ಗಂಡನನ್ನು ಕಳೆದುಕೊಂಡವರು. ಮೊದಲ ವಾರವೇ ಊಟಕ್ಕೆ ಕರೆದರು. ಮೊಲದ ಮಾಂಸದ ಅಡಿಗೆ ಅವರ ನಾಡಿನ ಹೆಮ್ಮೆ. ನಾವು ಶಾಕಾಹಾರಿಗಳೆಂದು ಮಗಳು ವಿನಯದಿಂದ ತಿಳಿಸಿದಳು. ನಿಜ ಹೇಳಬೇಕೆಂದರೆ ಮಾಂಸವೊಂದೇ ಅಡ್ಡಿಯಲ್ಲ. ಯಜಮಾನರು ಹೋದಂದಿನಿಂದ ನಾನು ಪರರ ಪಂಕ್ತಿಯಲ್ಲಿ ಕುಳಿತಿರಲಿಲ್ಲ. ಯಾರೂ ಬೇಡವೆಂದವರಿಲ್ಲ, ಆದರೂ ಕಾಲು ಏಳುತ್ತಿರಲಿಲ್ಲ.

ಅದಕ್ಕೆ ಮೂಲ ನನ್ನ ತವರಿನಲ್ಲಿದೆ. ಅಲ್ಲಿ ಒಬ್ಬ ಸೋದರತ್ತೆ ಇದ್ದಳು. ಹದಿನೇಳನೆಯ ವಯಸ್ಸಿಗೇ ಗಂಡ ಸತ್ತು, ತಲೆ ಬೋಳಿಸಿಕೊಂಡು ತವರಿಗೆ ಮರಳಿದವಳು. ಅಡಿಗೆಮನೆಯ ಮೂಲೆಯಲ್ಲಿ ಅವಳದೇ ಒಂದು ಪುಟ್ಟ ಒಲೆ. ಹಗಲು ಒಪ್ಪೊತ್ತು ಊಟ. ನೀರುಳ್ಳಿ ಬೆಳ್ಳುಳ್ಳಿ ವರ್ಜ್ಯ. ರಾತ್ರಿ ಒಂದು ಹಿಡಿ ಅವಲಕ್ಕಿ. ಮನೆಮಂದಿಗೆಲ್ಲ ಬಡಿಸುತ್ತಿದ್ದ ಆ ಕೈಗೆ ಯಾರೊಬ್ಬರೂ ಬಡಿಸಿದ್ದನ್ನು ನಾನು ಕಾಣಲಿಲ್ಲ. ಕಾಲ ಬದಲಾಯಿತೆಂದು ತರಗತಿಯಲ್ಲಿ ಪಾಠ ಹೇಳಿದವಳು ನಾನೇ. ಆದರೆ ಆ ಮೂಲೆಯ ಒಲೆ ನನ್ನೊಳಗೆ ಆರಿರಲಿಲ್ಲ.

ಮಾರ್ಚಿಯ ಒಂದು ಸಂಜೆ ನೆರೆಯಾಕೆ ತಾವೇ ಬಂದು, ಇಂದು ತರಕಾರಿಯದೇ ಊಟವೆಂದು ನನ್ನ ಕೈ ಹಿಡಿದು ಕರೆದೊಯ್ದರು. ಒಲೆಯ ಮೇಲೆ ಏನೆಂದು ಕೇಳಿದೆ. "ಸೊಪ್ಪಾ ತಲ್ ಅರ್ಮ್ಲಾ" ಎಂದರು. ನನ್ನ ಕಿವಿಗೆ ‘ಸೊಪ್ಪು’ ಎಂದೇ ಕೇಳಿಸಿ ಸಂತೋಷವಾಯಿತು. ಸೊಪ್ಪಲ್ಲ, ಸಾರು ಎಂದು ನಕ್ಕರು. ಬಳಿಕ ತಮ್ಮ ಎದೆಯನ್ನೂ ನನ್ನನ್ನೂ ಬೆರಳಿನಿಂದ ತೋರಿ, ಅರ್ಮ್ಲಾ ಎಂದರೆ ವಿಧವೆ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ನನ್ನ ಮುಖ ಬಾಡಿತು. ಇಲ್ಲಿಯೂ ನಮಗೆ ಬೇರೆಯೇ ಊಟವೇ ಎಂದು ಮನಸ್ಸು ಮುದುಡಿತು.

ಅವರು ಮುಚ್ಚಳ ತೆಗೆದರು. ಬಟಾಟೆ, ಹೂಕೋಸು, ನವಿಲುಕೋಸು, ಗಜ್ಜರಿ, ಬಟಾಣಿ, ಹಸಿ ಅವರೆಯಂತಹ ಕಾಳು, ನೀರುಳ್ಳಿ, ಎಲ್ಲ ಬೆಂದು ಟೊಮೆಟೊದಿಂದ ಕೆಂಪೇರಿತ್ತು. ಕಡೆಗೆ ಕುರಿಯ ಹಾಲನ್ನು ಒಡೆಸಿ ಮಾಡಿದ ‘ಜ್ಬೇಯ್ನಾ’ ಎಂಬ ಪುಟ್ಟ ಬಿಳಿಯ ಚೀಸನ್ನು ಇಳಿಬಿಟ್ಟರು. ಮೊಟ್ಟೆಯನ್ನೂ ಒಡೆದು ಹಾಕುವುದು ಪದ್ಧತಿ. ಅಂದು ನನಗೋಸ್ಕರ ತಮ್ಮ ಬಟ್ಟಲಿಗೂ ಹಾಕಿಕೊಳ್ಳಲಿಲ್ಲ. ಹೆಸರಿನ ಕಾರಣವನ್ನು ಬಡಿಸುತ್ತ ಹೇಳಿದರು. ಹಣವಿಲ್ಲದವಳೂ ಮಾಡಬಹುದಾದ ಸಾರೆಂದು ಕೆಲವರು ಹೇಳುವರಂತೆ. ಅವರ ತಾಯಿ ಹೇಳುತ್ತಿದ್ದುದು ಬೇರೆ: ಗಂಡ ಸತ್ತ ಮನೆಗೆ ನೆರೆಯವರು ತಮ್ಮ ಹೊಲದಿಂದ ಒಬ್ಬೊಬ್ಬರು ಒಂದೊಂದು ತರಕಾರಿ ತಂದುಕೊಡುತ್ತಿದ್ದರು, ಅವೆಲ್ಲ ಒಂದೇ ಪಾತ್ರೆಯಲ್ಲಿ ಬೆಂದು ಈ ಸಾರಾಯಿತು.

ನಾನು ಎರಡು ಬಟ್ಟಲು ಉಂಡೆ. ಮೂರನೆಯದಕ್ಕೆ ಅವರು ಸೌಟು ಎತ್ತಿದಾಗ ಬೇಡವೆನ್ನಲು ಬಾಯಿ ಬರಲಿಲ್ಲ, ಕಣ್ಣು ತುಂಬಿತ್ತು. ಖಾರವಾಯಿತೇ ಎಂದು ಕೇಳಿದರು. ಅದರಲ್ಲಿ ಮೆಣಸೇ ಇರಲಿಲ್ಲವೆಂದು ಇಬ್ಬರಿಗೂ ಹೊಳೆದು ನಕ್ಕುಬಿಟ್ಟೆವು.

ಮೇ ತಿಂಗಳಲ್ಲಿ ಊರಿಗೆ ಮರಳಿದೆ. ನಮ್ಮ ಬೈಲಿನಲ್ಲಿ ಒಂಟಿಯಾಗಿರುವ ಹೆಂಗಸರು ನಾನಲ್ಲದೆ ಮೂವರಿದ್ದಾರೆ. ಒಬ್ಬಾಕೆ ತುಳು ಮಾತಾಡುವವಳು, ಒಬ್ಬಾಕೆ ಮಲಯಾಳ. ಈಗ ಪ್ರತಿ ಶನಿವಾರ ಅವರು ಹಿತ್ತಿಲಲ್ಲಿ ಬೆಳೆದುದನ್ನು ತರುತ್ತಾರೆ. ಅಲಸಂಡೆ, ಬಾಳೆಕಾಯಿ, ಸೌತೆ, ಕುಂಬಳಕಾಯಿ. ನಾನು ಕಾಯಿ ಅರೆದು ಮೇಲೋಗರ ಮಾಡುತ್ತೇನೆ. ಬಡಿಸುವ ಸರದಿ ವಾರಕ್ಕೊಬ್ಬರದು, ಆದ್ದರಿಂದ ಮೂರು ವಾರ ನಾನು ಬಡಿಸಿಕೊಳ್ಳುವವಳು. ಮೊದಲ ದಿನ ಎಲೆಯ ಮುಂದೆ ಕುಳಿತಾಗ ಅತ್ತೆಯ ನೆನಪಾಗಿ ತುತ್ತು ಗಂಟಲಲ್ಲಿ ನಿಂತದ್ದುಂಟು.

ಶನಿವಾರ ರಾತ್ರಿ ಮೊಮ್ಮಗ ದೂರವಾಣಿಯಲ್ಲಿ ಮಾತಾಡುತ್ತಾನೆ. ನೆರೆಯಾಕೆ ಕೇಳುವುದನ್ನು ಅವನು ತನ್ನ ತೊದಲು ಕನ್ನಡಕ್ಕೆ ತಿರುಗಿಸುತ್ತಾನೆ. ಪ್ರಶ್ನೆ ಪ್ರತಿ ಬಾರಿಯೂ ಒಂದೇ: "ಅಜ್ಜಿ, ಇವತ್ತು ಎಷ್ಟು ಜನಕ್ಕೆ ಅಡಿಗೆ?"