ಕೇದಾರದ ದಾರಿಯಲ್ಲಿ ಸವಾರಿ

ಗೌರೀಕುಂಡದಲ್ಲಿ ಮೋಟಾರಿನ ದಾರಿ ಮುಗಿಯುತ್ತದೆ. ಅಲ್ಲಿಂದ ಕೇದಾರನಾಥಕ್ಕೆ ಸುಮಾರು 10 ಮೈಲಿಗಳ ಬೆಟ್ಟದ ಹಾದಿ. ಸುಮಾರು 6,500 ಅಡಿಗಳ ಎತ್ತರದಿಂದ 11,700 ಅಡಿಗಳಿಗೂ ಮೇಲಕ್ಕೆ ಏರಬೇಕು. ಆ ದೇವಾಲಯದ ರಾವಲರು ಕನ್ನಡನಾಡಿನ ವೀರಶೈವ ಪರಂಪರೆಯವರೆಂದು ಕೇಳಿದಂದಿನಿಂದ ನಮ್ಮ ತಾಯಿಯವರಿಗೆ ಆ ಕ್ಷೇತ್ರದೊಡನೆ ತವರಿನ ನಂಟು ಬೆಳೆದಿದ್ದಿತು. ಅವರ 68 ವರ್ಷದ ಮೊಣಕಾಲುಗಳು ಮಾತ್ರ ಆ ನಂಟನ್ನು ಮನ್ನಿಸಲಿಲ್ಲ. ಕುದುರೆಯನ್ನು ಗೊತ್ತುಮಾಡದೆ ಗತಿಯಿರಲಿಲ್ಲ.

ಕುದುರೆಯೆಂಬುದು ಮಾತಿಗೆ, ಅಲ್ಲಿ ಯಾತ್ರಿಕರನ್ನು ಹೊರುವವುಗಳಲ್ಲಿ ಬಹುಪಾಲು ಹೇಸರಗತ್ತೆಗಳೇ. ಮೊದಲು ಬಂದವನು ತಂದ ಪ್ರಾಣಿ ನೋಡುವುದಕ್ಕೆ ಲಕ್ಷಣವಾಗಿಯೇ ಇದ್ದಿತು. ಕೊರಳಲ್ಲಿ ಗಂಟೆ, ಹಣೆಯ ಮೇಲೆ ಕೆಂಪು ಕುಚ್ಚು. ನಾನು ಹಣವನ್ನು ಎಣಿಸುತ್ತಿರುವಷ್ಟರಲ್ಲಿ ತಾಯಿಯವರು, "ತಡಿಯನ್ನು ತೆಗೆದು ಬೆನ್ನು ತೋರಿಸಲಿ" ಎಂದರು. ಎತ್ತಿನ ಹೆಗಲನ್ನು ನೋಡದೆ ನೊಗ ಕಟ್ಟಿಸದ ಮನೆತನದವರು ಅವರು. ತಡಿಯ ಅಡಿಯಲ್ಲಿ ಅಂಗೈಯಗಲದ ಹಸಿಹುಣ್ಣು! "ಇದರ ಮೇಲೆ ಕುಳಿತುಹೋಗಿ ಯಾವ ಪುಣ್ಯವನ್ನು ತರಲಿ?" ಎಂದು ಜಗಲಿಯ ಮೇಲೆ ಕುಳಿತುಬಿಟ್ಟರು. ಹೊತ್ತೇರುತ್ತಿದ್ದಿತು, ಮಧ್ಯಾಹ್ನದ ಮೇಲೆ ಮಳೆಯ ಭಯ. ಆಗ ನನಗೆ ಬಂದ ಸಿಟ್ಟನ್ನು ಇಂದು ನೆನೆದರೆ ನಾಚಿಕೆಯಾಗುತ್ತದೆ.

ಎರಡನೆಯವನು ನರೆತ ಮೀಸೆಯ ಮುದುಕ, ಎರಡು ಹೇಸರಗತ್ತೆಗಳ ಒಡೆಯ. ನಾವು ಕೇಳುವ ಮೊದಲೇ ಒಂದೊಂದು ಗೊರಸನ್ನೂ ಎತ್ತಿ, ಸಿಕ್ಕಿಕೊಂಡಿದ್ದ ಕಲ್ಲನ್ನು ಕೆದಕಿ ತೆಗೆದು, ಲಾಳಗಳು ಅಲುಗುವುದಿಲ್ಲವೆಂದು ತಟ್ಟಿ ತೋರಿಸಿದನು. ಬೆನ್ನಿನ ಮೇಲಣ ಕಂಬಳಿಯಲ್ಲಿ ಒಂದು ಸುಕ್ಕೂ ಇರದಂತೆ ಸವರಿ ತಡಿಯನ್ನಿಟ್ಟನು. ಏರುವಾಗ ಅದು ಹಿಂದಕ್ಕೆ ಜಾರದಂತೆ ಎದೆಗೆ ಒಂದು ಪಟ್ಟಿ, ಇಳಿಯುವಾಗ ಕೊರಳಿನ ಕಡೆಗೆ ಸರಿಯದಂತೆ ಬಾಲದ ಬುಡಕ್ಕೆ ಇನ್ನೊಂದು. ಬಳಿಕ ನಮಗೆ ಪಾಠ. ಹಿಂದಿನಿಂದ ಹತ್ತಿರ ಹೋಗಬಾರದು. ಎಡ ಭುಜದ ಬಳಿ ನಿಂತು, ಮಾತನಾಡಿಸಿ, ಮೈದಡವಬೇಕು. ರಿಕಾಬಿನಲ್ಲಿ ಪಾದದ ಮುಂಭಾಗ ಮಾತ್ರ ಇರಬೇಕು, ಹಿಮ್ಮಡಿ ತಗ್ಗಿರಬೇಕು. ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ ಬಾಗಬೇಕು. ಕೊಡೆಯನ್ನು ತಟ್ಟನೆ ಬಿಚ್ಚಕೂಡದು. ತಾಯಿಯವರು ಸೀರೆಯನ್ನು ಕಚ್ಚೆಹಾಕಿ ಉಟ್ಟು, ಸೆರಗನ್ನು ಬಿಗಿದು, ಜಗಲಿಯಿಂದಲೇ ಹತ್ತಿದರು.

ಕಾಲು ಮೈಲಿ ನಡೆದ ಮೇಲೆ ಮುದುಕನು ನಿಲ್ಲಿಸಿ ಹೊಟ್ಟೆಪಟ್ಟಿಯನ್ನು ಮತ್ತೆ ಬಿಗಿದನು. ಕಟ್ಟುವಾಗ ಪ್ರಾಣಿಯು ಎದೆಯುಬ್ಬಿಸಿಕೊಂಡಿರುತ್ತದೆ. ನಡೆಯತೊಡಗಿದರೆ ಪಟ್ಟಿ ಸಡಿಲುತ್ತದೆ. ತಾಯಿಯವರದನ್ನು ಬಿಗಿದು ನನ್ನ ಕಡೆಗೆ ಬಂದಾಗ, ಹೊತ್ತಾಯಿತೆಂದು ನಾನು ಬೇಡವೆಂದೆನು.

ಜಂಗಲಚಟ್ಟಿ, ಭೀಮಬಲಿಗಳನ್ನು ದಾಟಿದೆವು. ಮುಂದಿನ ತಂಗುದಾಣವಾಗಿದ್ದ ರಾಮಬಾಡಾ 2013ರ ಜೂನ್ ತಿಂಗಳ ಪ್ರವಾಹದಲ್ಲಿ ಜನಸಮೇತ ಕೊಚ್ಚಿಹೋಯಿತು. ಆಮೇಲೆ ಮಾಡಿದ ದಾರಿಯು ಅಲ್ಲಿ ಮಂದಾಕಿನಿಯನ್ನು ದಾಟಿ ಲಿಂಚೌಲಿಯ ಕಡೆಗೆ ಕಡಿದಾಗಿ ಏರುತ್ತದೆ. ಹೊರೆ ಹೊತ್ತು ರೂಢಿಯಾದ ಹೇಸರಗತ್ತೆಗಳು, ಹೊರೆಯು ಬಂಡೆಗೆ ತಗಲದಿರಲೆಂದು, ಪ್ರಪಾತದ ಅಂಚಿನಲ್ಲಿಯೇ ನಡೆಯುತ್ತವೆ! ಆ ಏರಿನಲ್ಲಿ ಬರಿಬೆನ್ನಿನ ಹೇಸರಗತ್ತೆಗಳ ಸಾಲೊಂದು ಎದುರಿನಿಂದ ದಡದಡನೆ ಇಳಿದುಬಂದಿತು. ಮುದುಕನು ಕೂಗಿಕೊಂಡು ನಮ್ಮವೆರಡನ್ನೂ ಬೆಟ್ಟದ ಮಗ್ಗುಲಿಗೆ ಎಳೆದನು. ಅವುಗಳಲ್ಲೊಂದು ನನ್ನ ಮೊಣಕಾಲಿಗೆ ಬಲವಾಗಿ ತಾಗಿತು. ತಡಿಯು ನನ್ನೊಡನೆಯೇ ಹೊರಳಿತು. ಕಾಲು ರಿಕಾಬಿನಿಂದ ಜಾರಿ ಬಂದುದರಿಂದ ಬಂಡೆಯ ಬುಡದ ಕೆಸರಿನಲ್ಲಿ ಬಿದ್ದೆನು. ಸಿಕ್ಕಿಕೊಂಡಿದ್ದರೆ ಬೆದರಿದ ಪ್ರಾಣಿ ನನ್ನನ್ನು ಎತ್ತ ಎಳೆದೊಯ್ಯುತ್ತಿದ್ದಿತೆಂಬುದನ್ನು ಮೂರು ಮಾರು ದೂರದ ಆ ಅಂಚೇ ಹೇಳುತ್ತಿದ್ದಿತು.

ತಾಯಿಯವರ ತಡಿ ಕದಲಿರಲಿಲ್ಲ. ಅವರು ಏನನ್ನೂ ಆಡಲಿಲ್ಲ. ಕೈಗಳು ಮಾತ್ರ ನಡುಗುತ್ತಿದ್ದುವು. ಮುದುಕನು ತಡಿಯನ್ನು ನೆಟ್ಟಗಿಟ್ಟು ಪಟ್ಟಿಯನ್ನು ಬಿಗಿದನು. ಈ ಸಲ ನನ್ನನ್ನು ಕೇಳಲಿಲ್ಲ.

ಲಿಂಚೌಲಿಯಲ್ಲಿ ಇಳಿದು, ಅವುಗಳಿಗೆ ನೀರು ತೋರಿಸಿ, ಉಸಿರಾಟ ಸಮವಾಗುವವರೆಗೆ ಕಾದೆವು. ತಾಯಿಯವರು ನೈವೇದ್ಯಕ್ಕೆಂದು ಊರಿನಿಂದ ತಂದಿದ್ದ ಬೆಲ್ಲದ ಅಚ್ಚನ್ನು ಮುರಿದು, ಅಂಗೈ ಚಾಚಿ, ಅರ್ಧವನ್ನು ಅವೆರಡಕ್ಕೂ ತಿನ್ನಿಸಿದರು. ಉಳಿದರ್ಧವು ಕೇದಾರೇಶ್ವರನಿಗೆ ಸಂದಿತು.