ಅನುಪು: ನೆಲೆ ಬದಲಿಸಿದ ಕಲ್ಲುಗಳು

ಆಂಧ್ರಪ್ರದೇಶದ ನಾಗಾರ್ಜುನಸಾಗರದ ದಂಡೆಯ ಅನುಪುವಿನಲ್ಲಿ ಇಂದು ಕಾಣುವ ವಿಹಾರದ ತಳಪಾಯಗಳಾಗಲಿ, ಮೆಟ್ಟಿಲುಸಾಲಿನ ರಂಗಸ್ಥಳವಾಗಲಿ ಮೂಲತಃ ಅಲ್ಲಿನವಲ್ಲ. ಕ್ರಿ.ಶ. 3-4ನೆಯ ಶತಮಾನಗಳಲ್ಲಿ ಇಕ್ಷ್ವಾಕುಗಳ ರಾಜಧಾನಿಯಾಗಿದ್ದ ವಿಜಯಪುರಿಯು ಕೃಷ್ಣಾ ಕಣಿವೆಯಲ್ಲಿತ್ತು. 1926ರಲ್ಲಿ ಬೆಳಕಿಗೆ ಬಂದ ಈ ನೆಲೆಯು ಅಣೆಕಟ್ಟಿನ ನೀರಿನಲ್ಲಿ ಮುಳುಗುವುದು ಖಚಿತವಾದಾಗ, 1954ರಿಂದ 1960ರವರೆಗೆ ವ್ಯಾಪಕ ಉತ್ಖನನ ನಡೆಯಿತು. ಆಯ್ದ ಸ್ಮಾರಕಗಳನ್ನು ನಾಗಾರ್ಜುನಕೊಂಡದ ಮೇಲೆ ಹಾಗೂ ಅನುಪುವಿನಲ್ಲಿ ಮರಳಿ ಕಟ್ಟಲಾಯಿತು. ಕಣಿವೆಯಲ್ಲಿ ಬಾಳುತ್ತಿದ್ದ ಜನರೂ ತಮ್ಮ ಊರುಗಳನ್ನು ತೊರೆಯಬೇಕಾಯಿತು. ಆದರೆ ಅವರ ಮನೆಗಳನ್ನು ಸ್ಮಾರಕಗಳೆಂದು ಯಾರೂ ಎತ್ತಿ ತರಲಿಲ್ಲ.

ರಂಗಸ್ಥಳದ ಮೆಟ್ಟಿಲ ಮೇಲೆ ಕುಳಿತಾಗ ನನಗೆ ನೆನಪಾದುದು ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’. ಇಂದು ದೊರೆಯದ ಎಷ್ಟೋ ಕಾವ್ಯಗಳ ಪದ್ಯಗಳು ಆ ಸಂಕಲನದಿಂದ ಉಳಿದಿವೆ. ಪದ್ಯ ಉಳಿದಿದೆ, ಅದರ ಹಿಂದುಮುಂದಿನ ಸಂದರ್ಭ ಉಳಿದಿಲ್ಲ. ಅನುಪುವಿನ ಕಟ್ಟಡಗಳ ಸ್ಥಿತಿಯೂ ಇದೇ. ಆಕಾರವಿದೆ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುತ್ತಿದ್ದ ದಾರಿಯಿಲ್ಲ.

ಕಳೆದುಹೋದ ಈ ಸಂಬಂಧಗಳನ್ನು ಅಲ್ಪಸ್ವಲ್ಪವಾದರೂ ಮರಳಿ ಕೊಡುವವು ಶಾಸನಗಳು. ನಾಗಾರ್ಜುನಕೊಂಡದ ಒಂದು ಪ್ರಾಕೃತ ಶಾಸನವು ಕೊಡಬಲಿಸಿರಿ ಎಂಬಾಕೆಯು ಮಹೀಶಾಸಕ ಪಂಥದ ಆಚಾರ್ಯರಿಗಾಗಿ ವಿಹಾರ ಕಟ್ಟಿಸಿದುದನ್ನು ಹೇಳುತ್ತದೆ. ಆಕೆ ಇಕ್ಷ್ವಾಕು ದೊರೆ ವೀರಪುರುಷದತ್ತನ ಮಗಳು, ವನವಾಸದ ಎಂದರೆ ನಮ್ಮ ಬನವಾಸಿಯ ಮಹಾರಾಜನ ಮಡದಿ. ಗಂಡನ ಹೆಸರನ್ನು ಶಾಸನ ಹೇಳುವುದಿಲ್ಲ, ಹೆಸರುಳಿದಿರುವುದು ಆಕೆಯದು. ಅತ್ತ ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ನಾಗಶಿಲೆಯ ಪ್ರಾಕೃತ ಶಾಸನವೂ ಚುಟು ಮನೆತನದ ರಾಜಕುಮಾರಿಯೊಬ್ಬಳು ನಾಗಶಿಲೆ, ಕೆರೆ ಮತ್ತು ವಿಹಾರಗಳನ್ನು ದಾನವಾಗಿ ಮಾಡಿಸಿದುದನ್ನು ದಾಖಲಿಸುತ್ತದೆ. ಕನ್ನಡ ಶಾಸನಗಳು ಆರಂಭವಾಗುವ ಮೊದಲೇ ಈ ಎರಡು ಊರುಗಳ ನಡುವೆ ಮದುವೆಯ ನಂಟೂ ಸ್ತ್ರೀಯರ ದಾನದ ಸಮಾನ ಪರಂಪರೆಯೂ ಇದ್ದವೆಂಬುದು ಗಮನಾರ್ಹ.

ಕನ್ನಡದ ಪ್ರಾಚೀನತೆಯನ್ನು ಕುರಿತ ನಮ್ಮ ಚರ್ಚೆಗಳು ಹೆಚ್ಚಾಗಿ ಕನ್ನಡ ಶಾಸನಗಳಿಂದಲೇ ಆರಂಭವಾಗುತ್ತವೆ. ಅದರ ಹಿಂದಿನ ಪ್ರಾಕೃತ ಶಾಸನಗಳನ್ನು ಪೀಠಿಕೆಯ ಒಂದೆರಡು ವಾಕ್ಯಗಳಲ್ಲಿ ಮುಗಿಸಿದರೆ, ಕೊಡಬಲಿಸಿರಿಯಂಥವರು ಯಾವ ಚರಿತ್ರೆಗೂ ಸೇರದೆ ಹೋಗುತ್ತಾರೆ. ತಾಯ್ನೆಲದ ಚರಿತ್ರೆಗೆ ಆಕೆ ಹೊರಗೆ ಕೊಟ್ಟ ಮಗಳು. ನಮ್ಮ ಚರಿತ್ರೆಗೆ ಹೊರಗಿನಿಂದ ಬಂದ ಸೊಸೆ. ಕಲ್ಲುಗಳನ್ನು ಎತ್ತರಕ್ಕೆ ಸಾಗಿಸಿ ಮರಳಿ ಜೋಡಿಸುವ ಕೆಲಸವನ್ನು ಪುರಾತತ್ತ್ವಜ್ಞರು ಮಾಡಿದ್ದಾರೆ. ಆ ಕಲ್ಲುಗಳ ನಡುವಿನ ದಾರಿಯನ್ನು ಹುಡುಕುವುದು ಭಾಷೆ ಮತ್ತು ಸಾಹಿತ್ಯದ ಅಧ್ಯಯನಕಾರರಿಗೆ ಬಿಟ್ಟ ಕೆಲಸ.