ಹಸುಗಳ ಹೆಸರು ಮತ್ತು 90 ಸೆಕೆಂಡು

ಅಪ್ಪನ ವರ್ಷಾಂತಿಕಕ್ಕೆ ನಾಲ್ಕು ದಿನ ಇರುವಾಗ ಸಾಗರದಿಂದ ಅಮ್ಮ ಫೋನ್ ಮಾಡಿದಳು. 'ನಿಮ್ಮಪ್ಪನ ಕಂಪ್ಯೂಟರ್ ಕೆಡಿಸಿಬಿಟ್ಟೆ ಕಣೋ.'

ಕಟ್ಟು ಹಾಕಿಸಲು ಅಪ್ಪನ ಒಂದು ಫೋಟೊ ಬೇಕಿತ್ತು. ಫೋಟೊಗಳು, ಅವರ ದನಿಯ ರೆಕಾರ್ಡಿಂಗು, ಎಲ್ಲವೂ ಇದ್ದದ್ದು ಎರಡನೇ ಡಿಸ್ಕಿನಲ್ಲಿ. ಲಿನಕ್ಸ್ ಹಾಕಿಕೊಟ್ಟಾಗ ಅದಕ್ಕೆ ಲಕ್ಸ್ ಬೀಗ ಹಾಕಿದವನು ನಾನೇ. ಕಂಪ್ಯೂಟರ್ ಶುರುವಾಗುವಾಗಲೇ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಆರಿಸಿದ್ದು ಅಪ್ಪ: ನಮ್ಮ ಕೊಟ್ಟಿಗೆಗೆ ಬಂದ ಹಸುಗಳ ಹೆಸರು, ಬಂದ ಕ್ರಮದಲ್ಲೇ, ಇಂಗ್ಲಿಷ್ ಅಕ್ಷರದಲ್ಲಿ. (ಈಗ ಬದಲಿಸಿದ್ದೇನೆ, ಹಾಗಾಗಿ ಹೇಳಬಹುದು.)

ಅಮ್ಮ ಅದನ್ನು ಬರೆದಿಟ್ಟುಕೊಳ್ಳಬೇಕಾದ್ದೇ ಇರಲಿಲ್ಲ. ಆದರೆ ಒಂದೊಂದು ಹೆಸರಿಗೂ ನಿಲ್ಲುತ್ತಾಳೆ. ಕಪಿಲೆ ಮೊದಲೋ ಗೌರಿಯೋ? ಗೌರಿ ಬಂದದ್ದು ಅಕ್ಕನ ಮದುವೆ ವರ್ಷ ಅಲ್ಲವೇ? ಆಮೇಲೆ ಒಂದೇ ಬೆರಳಲ್ಲಿ ಅಕ್ಷರ ಹುಡುಕಬೇಕು. ಮೂರು ಸಲವೂ ಅರ್ಧಕ್ಕೆ ಬಂದಾಗ ಪರದೆ ಬದಲಾಗಿ, ಇಂಗ್ಲಿಷಿನಲ್ಲಿ ಏನೋ ಹೇಳಿ, ಮತ್ತೆ ಪಾಸ್‌ವರ್ಡ್ ಕೇಳಿತಂತೆ. ಅಮ್ಮ ಮತ್ತೆ ಹಸುಗಳನ್ನೆಲ್ಲ ಕರೆದಿದ್ದಾಳೆ. ತಪ್ಪು ಎಂದಿತು.

'ಹೆಸರು ನಂಗೇ ಮರೆತುಹೋಯ್ತೋ ಏನೋ' ಎಂದಳು. ಡಿಸ್ಕಿನ ಚಿಂತೆಗಿಂತ ಆ ಮಾತು ನನ್ನನ್ನು ಹೆಚ್ಚು ಚುಚ್ಚಿತು.

ಪರದೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿಸಿದೆ: ಎಮರ್ಜೆನ್ಸಿ ಮೋಡ್. ತಪ್ಪು ನನ್ನದು. ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಬರೆದ ಡಿಸ್ಕಿಗಾಗಿ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾಯುತ್ತದೆ, ಬರದಿದ್ದರೆ ಕೈಬಿಡುತ್ತದೆ. ನಾನು ಅಲ್ಲಿ ಬರೆದಿದ್ದು ಯುಯುಐಡಿ, ಅಂದರೆ ಬೀಗದೊಳಗಿರುವ ಭಾಗದ ಉದ್ದನೆಯ ಗುರುತಿನ ಸಂಖ್ಯೆ. ಬೀಗ ತೆರೆಯುವ ತನಕ ಆ ಸಂಖ್ಯೆ ಯಾರಿಗೂ ಕಾಣದು. ಹಾಗಾಗಿ ಒಂದು ಕಡೆ ಪಾಸ್‌ವರ್ಡಿಗಾಗಿ ಕಾಯುತ್ತಲೇ, ಇನ್ನೊಂದು ಕಡೆ ಅದೇ ಡಿಸ್ಕು ಬರಲಿಲ್ಲವೆಂದು ಸೆಕೆಂಡು ಎಣಿಸುತ್ತಿತ್ತು. ಎರಡೂ ಒಂದೇ ಎಂದು ಅದಕ್ಕೆ ತಿಳಿಯುವ ದಾರಿ ನಾನು ಇಟ್ಟಿರಲಿಲ್ಲ. ಎಮರ್ಜೆನ್ಸಿ ಮೋಡ್ ಕೇಳುವುದು ಡಿಸ್ಕಿನ ಪಾಸ್‌ವರ್ಡನ್ನಲ್ಲ, ರೂಟ್ ಬಳಕೆದಾರನದನ್ನು. ಅಮ್ಮ ಸರಿಯಾದ ಕೀಲಿಕೈ ಹಿಡಿದು ಪಕ್ಕದ ಮನೆ ಬಾಗಿಲಲ್ಲಿ ನಿಂತಿದ್ದಳು.

ಇಷ್ಟು ವರ್ಷ ಇದು ಗೊತ್ತೇ ಆಗಲಿಲ್ಲ. ಅಪ್ಪ ಟೈಪ್‌ರೈಟಿಂಗ್ ಸೀನಿಯರ್ ಪಾಸಾದವರು. ಹತ್ತು ಸೆಕೆಂಡಿನಲ್ಲಿ ಹಸುಗಳೆಲ್ಲ ಕೊಟ್ಟಿಗೆ ಸೇರುತ್ತಿದ್ದವು. ತಮಾಷೆಯೆಂದರೆ ಈ ಬೀಗ ಬೇಕೆಂದೇ ನಿಧಾನ. ಪಾಸ್‌ವರ್ಡ್ ಸರಿಯಿದ್ದರೂ ತೆರೆಯಲು ಸುಮಾರು 2 ಸೆಕೆಂಡು ಲೆಕ್ಕ ಹಾಕುತ್ತದೆ, ಸಾಲಾಗಿ ಊಹಿಸುವ ಕಳ್ಳನಿಗೆ ಬೇಸರ ಬರಲಿ ಎಂದು. ಕಳ್ಳನ ಹೊತ್ತಿನ ಲೆಕ್ಕ ಬೀಗದಲ್ಲೇ ಇತ್ತು. ಅಮ್ಮನ ಹೊತ್ತಿನ ಲೆಕ್ಕ ನಾನು ಹಾಕಿರಲಿಲ್ಲ.

ಆವತ್ತು ಹೆಸರುಗಳನ್ನು ಮೊದಲೇ ಚೀಟಿಯಲ್ಲಿ ಬರೆಸಿದೆ. ನಾಲ್ಕನೇ ಸಲಕ್ಕೆ ತೆರೆಯಿತು, ಫೋಟೊ ಸಿಕ್ಕಿತು. ವರ್ಷಾಂತಿಕಕ್ಕೆ ಹೋದಾಗ ಎಫ್‌ಎಸ್‌ಟ್ಯಾಬಿನ ಒಂದು ಸಾಲು ತಿದ್ದಿದೆ: ಯುಯುಐಡಿ ಅಳಿಸಿ, ಬೀಗ ತೆರೆದ ಮೇಲೆ ಡಿಸ್ಕಿಗೆ ಬರುವ ಮ್ಯಾಪರ್ ಹೆಸರನ್ನೇ ಬರೆದೆ. ಆ ಹೆಸರಿದ್ದರೆ ಇದು ಪಾಸ್‌ವರ್ಡಿಗೆ ಕಾದಿರುವ ಡಿಸ್ಕೆಂದು ಸಿಸ್ಟಮ್‌ಡಿಗೆ ಗೊತ್ತಾಗಿ, ಗಡುವು ಕೈಬಿಡುತ್ತದೆ.

'ನೋಡು ಈಗ' ಎಂದು ಅಮ್ಮನನ್ನು ಕೂರಿಸಿದೆ. ಚೀಟಿ ಬೇಡವೆಂದಳು. ಮೂರನೇ ಹೆಸರಿಗೆ ಬೆರಳು ನಿಂತಿತು. 'ತುಂಗೆ ಕರು ಹಾಕಿದ್ದು ಎಂಥಾ ಮಳೇಲಿ ಗೊತ್ತನಾ ನಿಂಗೆ?' ಎಂದು ನನ್ನ ಕಡೆ ತಿರುಗಿದಳು. ಪರದೆಯ ಮೇಲೆ ಕರ್ಸರ್ ಮಿನುಗುತ್ತಲೇ ಇತ್ತು.